ಹೊಸ ಲ್ಯಾಪ್‌ಟಾಪ್ ತಗೊಂಡರೂ ಕಾಪಿ ನಿಧಾನನಾ? ಪೋರ್ಟು, ಕೇಬಲ್ಲು, ಡಿಸ್ಕು ಸರಿ ಮಾಡಿಕೊಳ್ಳುವುದು ಹೀಗೆ

ಮದುವೆ ಸೀಸನ್‌ನಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಫೋಟೋ ಸ್ಟುಡಿಯೋದವರನ್ನು ಕೇಳಿ ನೋಡಿ. ಶೂಟಿಂಗಿಗಿಂತ ಆಮೇಲಿನ ಕೆಲಸವೇ ಅವರಿಗೆ ತಲೆನೋವು. ಎರಡು ಕ್ಯಾಮೆರಾ, ಒಂದು ಡ್ರೋನು, ಅರಿಶಿನದ ಶಾಸ್ತ್ರದಿಂದ ರಿಸೆಪ್ಷನ್ ತನಕ ಎರಡು ದಿನದ ಕಾರ್ಯಕ್ರಮ ಅಂದ್ರೆ 250 ಜಿಬಿ ಆಗುವುದು ದೊಡ್ಡ ಮಾತಲ್ಲ. ಅದನ್ನು ಕಾರ್ಡಿನಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಹಾರ್ಡ್ ಡಿಸ್ಕಿಗೆ ಹಾಕಿ, ಇನ್ನೊಂದು ಕಾಪಿ ಎಡಿಟಿಂಗ್ ಮಾಡುವವರಿಗೆ ಕೊಡುವ ಹೊತ್ತಿಗೆ ಮುಂದಿನ ಮದುವೆಯ ಮುಹೂರ್ತವೇ ಬಂದಿರುತ್ತದೆ. ಆಗ ಎಲ್ಲರೂ ಕೊಡುವ ಸಲಹೆ ಒಂದೇ: ಟೈಪ್-ಸಿ ಇರುವ ಹೊಸ ಲ್ಯಾಪ್‌ಟಾಪ್ ತಗೊಳ್ಳಿ, ಎಲ್ಲಾ ಫಾಸ್ಟ್ ಆಗುತ್ತದೆ.

ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಹೊಸ ಲ್ಯಾಪ್‌ಟಾಪ್ ತಂದು, ಅದಕ್ಕೆ ಫೋನಿನ ಚಾರ್ಜಿಂಗ್ ಕೇಬಲ್ ಚುಚ್ಚಿ, ಆರು ವರ್ಷದ ಹಳೇ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಸ್ಪೀಡು ಒಂದು ಚೂರೂ ಏರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡ್ಯಾಮಿನಲ್ಲಿ ಎಷ್ಟೇ ನೀರಿರಲಿ, ಹೊಲಕ್ಕೆ ಬರುವುದು ನಡುವೆ ಇರುವ ಅತಿ ಸಣ್ಣ ತೂಬು ಬಿಟ್ಟಷ್ಟೇ. ಇಲ್ಲೂ ಕಾರ್ಡು, ರೀಡರು, ಕೇಬಲ್ಲು, ಪೋರ್ಟು, ಡಿಸ್ಕು ಇವುಗಳಲ್ಲಿ ಯಾವುದು ನಿಧಾನವೋ ಅದೇ ನಿಮ್ಮ ಸ್ಪೀಡು. ಹಾಗಾಗಿ ದುಡ್ಡು ಬಿಚ್ಚುವ ಮುಂಚೆ ಆ ನಿಧಾನದ ತುಂಡು ಯಾವುದು ಅಂತ ಹುಡುಕಬೇಕು. ಎಷ್ಟೋ ಸಲ ಅದು ಲ್ಯಾಪ್‌ಟಾಪ್ ಆಗಿರುವುದೇ ಇಲ್ಲ.

ಮೊದಲು ನಿಮ್ಮ ಹತ್ತಿರ ಏನಿದೆ ನೋಡಿ

ಲ್ಯಾಪ್‌ಟಾಪನ್ನು ತಿರುಗಿಸಿ ಪಕ್ಕದ ಪೋರ್ಟುಗಳನ್ನು ನೋಡಿ. ಚೌಕದ ಹಳೇ ಯುಎಸ್‌ಬಿ ಪೋರ್ಟಿನ ಒಳಗಿನ ಪ್ಲಾಸ್ಟಿಕ್ ನಾಲಿಗೆ ನೀಲಿ ಇದ್ದರೆ ಸಾಮಾನ್ಯವಾಗಿ ಅದು ಯುಎಸ್‌ಬಿ 3. ಕಪ್ಪು ಅಥವಾ ಬಿಳಿ ಇದ್ದರೆ 2.0 ಇರಬಹುದು ಅಂತ ಅನುಮಾನ ಪಡಿ, ಆದರೆ ಅಷ್ಟಕ್ಕೇ ತೀರ್ಮಾನ ಮಾಡಬೇಡಿ. ಬಣ್ಣ ಹಾಕಲೇಬೇಕು ಅಂತ ಕಡ್ಡಾಯ ಏನಿಲ್ಲ, ಎಷ್ಟೋ ಕಂಪನಿಗಳು ಚೆಂದ ಕಾಣಲಿ ಅಂತ 3.0 ಪೋರ್ಟನ್ನೂ ಕಪ್ಪಾಗಿಯೇ ಬಿಡುತ್ತವೆ. ಪಕ್ಕದಲ್ಲಿ ಎಸ್‌ಎಸ್ ಅಂತ ಎರಡು ಅಕ್ಷರ ಇದ್ದರೆ ಅದು ಸೂಪರ್‌ಸ್ಪೀಡ್, ಅಂದ್ರೆ ಕಡಿಮೆ ಅಂದರೂ 5 ಜಿಬಿಪಿಎಸ್ (ಸೆಕೆಂಡಿಗೆ ಎಷ್ಟು ಗಿಗಾಬಿಟ್ ಡೇಟಾ ಹೋಗುತ್ತದೆ ಅನ್ನುವ ಲೆಕ್ಕ). ಜೊತೆಗೆ 10 ಅಂತ ಇದ್ದರೆ 10 ಜಿಬಿಪಿಎಸ್. ಬಾಣದ ತುದಿ ಇರುವ ಮಿಂಚಿನ ಗುರುತು ಇದ್ದರೆ ಅದು ಥಂಡರ್‌ಬೋಲ್ಟ್ ಅನ್ನುವ ಇನ್ನೊಂದು ಫಾಸ್ಟ್ ಪೋರ್ಟು. ಬ್ಯಾಟರಿ ಚಿತ್ರದ ಒಳಗೆ ಮಿಂಚು ಇದ್ದರೆ ಅದಕ್ಕೂ ಸ್ಪೀಡಿಗೂ ಸಂಬಂಧ ಇಲ್ಲ, ಅದು ಚಾರ್ಜಿಂಗ್ ವಿಷಯ. ಈ ಎರಡು ಮಿಂಚನ್ನು ಅದಲು ಬದಲು ಮಾಡಿಕೊಳ್ಳುವವರು ಜಾಸ್ತಿ, ಅಂಗಡಿಯವರೂ ಸೇರಿ.

ಗುರುತೇ ಇಲ್ಲದಿದ್ದರೆ? ಲ್ಯಾಪ್‌ಟಾಪಿನ ಹೊಟ್ಟೆ ಮೇಲೆ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಕಂಪನಿಯ ಸೈಟಿನಲ್ಲಿ ಹಾಕಿ ಸ್ಪೆಸಿಫಿಕೇಶನ್ ತೆಗೆಯಿರಿ. ಮಾರುವ ಸೈಟುಗಳಲ್ಲಿ ಬರೆದದ್ದನ್ನು ನಂಬಬೇಡಿ, ಅಲ್ಲಿ ಒಂದು ಮಾಡೆಲ್‌ನ ವಿವರ ಇನ್ನೊಂದಕ್ಕೆ ಅಂಟಿಸಿರುತ್ತಾರೆ.

ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಕೊನೆಯಲ್ಲಿ ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಅಂತ ಇರುತ್ತದೆ. ಅದರೊಳಗೆ ಯುಎಸ್‌ಬಿ 3.0 ಅಥವಾ 3.1 ಹೆಸರಿನ ಕಂಟ್ರೋಲರ್ ಕಂಡರೆ ಲ್ಯಾಪ್‌ಟಾಪಿನಲ್ಲಿ ಒಂದಾದರೂ ಫಾಸ್ಟ್ ಪೋರ್ಟ್ ಇದೆ ಅಂತ ಅರ್ಥ, ಯಾವುದು ಅಂತ ಮಾತ್ರ ಹೇಳುವುದಿಲ್ಲ. ಅದಕ್ಕೆ ಒಂದೇ ಡಿಸ್ಕನ್ನು ಒಂದೊಂದೇ ಪೋರ್ಟಿಗೆ ಹಾಕಿ ದೊಡ್ಡದೊಂದು ವಿಡಿಯೋ ಫೈಲ್ ಕಾಪಿ ಮಾಡಿ ನೋಡುವುದೇ ವಾಸಿ. ಲಿನಕ್ಸ್ ಇದ್ದವರಿಗೆ ಇನ್ನೂ ಸುಲಭ, ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಕಮಾಂಡನ್ನು ಟ್ರೀ ರೂಪದಲ್ಲಿ ಓಡಿಸಿದರೆ ಪ್ರತಿ ಸಾಧನದ ಮುಂದೆ 480ಎಂ, 5000ಎಂ, 10000ಎಂ ಅಂತ ಅದು ಈಗ ಓಡುತ್ತಿರುವ ಸ್ಪೀಡೇ ಬರುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಮ್ ರಿಪೋರ್ಟ್ ಒಳಗೆ ಯುಎಸ್‌ಬಿ ಅಂತ ಒತ್ತಿದರೆ ಅದೇ ಮಾಹಿತಿ.

480 ಅಂತ ಕಂಡರೆ ನೀವು 2.0 ದಾರಿಯಲ್ಲೇ ಇದ್ದೀರಿ. ಡಿಸ್ಕಿನ ಡಬ್ಬಿ ಮೇಲೆ ಏನು ಬರೆದಿದ್ದರೂ ಅಷ್ಟೇ.

ಹೆಸರಿನ ಗೋಜಲು, ಬೇಗ ಮುಗಿಸೋಣ

ಯುಎಸ್‌ಬಿ 2.0 ಬಂದದ್ದು 2000ದಲ್ಲಿ, 480 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 480 ಮೆಗಾಬಿಟ್. 3.0 ಬಂದದ್ದು 2008ರಲ್ಲಿ, 5 ಜಿಬಿಪಿಎಸ್. ಆದರೆ ಲ್ಯಾಪ್‌ಟಾಪುಗಳಲ್ಲಿ ಅದು ಮಾಮೂಲಾಗಿದ್ದು 2012ರ ನಂತರ, ಇಂಟೆಲ್ ತನ್ನ ಚಿಪ್‌ಸೆಟ್ ಒಳಗೇ ಅದನ್ನು ಸೇರಿಸಿದ ಮೇಲೆ. 2013ರಲ್ಲಿ 3.1 ಅಂತ 10 ಜಿಬಿಪಿಎಸ್, 2017ರಲ್ಲಿ 3.2 ಅಂತ 20 ಜಿಬಿಪಿಎಸ್, 2019ರಲ್ಲಿ ಯುಎಸ್‌ಬಿ4 ಅಂತ 40 ತನಕ, 2022ರಲ್ಲಿ ಅದರದೇ ಎರಡನೇ ಆವೃತ್ತಿಯಲ್ಲಿ 80. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನಿಯಮ ಮಾಡುವವರು ನಡುವೆ ಹಳೇ 3.0ಗೆ 3.1 ಜೆನ್ 1 ಅಂತ, ಆಮೇಲೆ 3.2 ಜೆನ್ 1 ಅಂತ ಮರುನಾಮಕರಣ ಮಾಡಿಬಿಟ್ಟರು. ಅಂದರೆ ಡಬ್ಬಿ ಮೇಲೆ 3.2 ಅಂತ ದೊಡ್ಡದಾಗಿ ಬರೆದಿದ್ದರೂ ಒಳಗಿರುವುದು 2008ರ 5 ಜಿಬಿಪಿಎಸ್ಸೇ ಇರಬಹುದು. ಕಾನೂನಿನ ಪ್ರಕಾರ ಸುಳ್ಳಲ್ಲ, ಗಿರಾಕಿಗೆ ಮಾತ್ರ ಟೋಪಿ. ಹಾಗಾಗಿ ವರ್ಷನ್ ನಂಬರನ್ನು ಪೂರ್ತಿ ಮರೆತು 5, 10, 20, 40 ಅನ್ನುವ ಜಿಬಿಪಿಎಸ್ ಲೆಕ್ಕ ಮಾತ್ರ ಕೇಳಿ.

ಥಂಡರ್‌ಬೋಲ್ಟ್ ಬೇರೆ ಮನೆತನ. ಇಂಟೆಲ್ ಮತ್ತು ಆಪಲ್ ಸೇರಿ 2011ರ ಮ್ಯಾಕ್‌ಬುಕ್ ಪ್ರೊದಲ್ಲಿ ತಂದರು, ಆಗ 10 ಜಿಬಿಪಿಎಸ್. 2015ರಲ್ಲಿ ಬಂದ ಥಂಡರ್‌ಬೋಲ್ಟ್ 3 ಟೈಪ್-ಸಿ ಆಕಾರಕ್ಕೆ ಬದಲಾಯಿತು, 40 ಜಿಬಿಪಿಎಸ್ ಆಯಿತು. 2020ರ ಥಂಡರ್‌ಬೋಲ್ಟ್ 4 ಕೂಡ 40ರದ್ದೇ, ಆದರೆ ಕಂಪನಿಗಳು ಕನಿಷ್ಠ ಇಷ್ಟು ಕೊಡಲೇಬೇಕು ಅನ್ನುವ ಷರತ್ತು ಬಿಗಿ ಆಯಿತು. 5ನೆಯದು 80ಕ್ಕೆ ಹೋಗಿದೆ.

ಇನ್ನು ಟೈಪ್-ಸಿ. ಇದೊಂದು ಆಕಾರ ಮಾತ್ರ, ಸ್ಪೀಡ್ ಅಲ್ಲ. ಉದ್ದುದ್ದ ದುಂಡಗಿನ, ಎರಡೂ ಕಡೆ ತಿರುಗಿಸಿ ಹಾಕಬಹುದಾದ, 24 ಪಿನ್ನಿನ ಕನೆಕ್ಟರು, 2014ರಲ್ಲಿ ಬಂತು. ಅದರೊಳಗೆ 480 ಎಂಬಿಪಿಎಸ್ಸೂ ಇರಬಹುದು, 80 ಜಿಬಿಪಿಎಸ್ಸೂ ಇರಬಹುದು. ನಂಬಿಕೆ ಬರಲಿಲ್ಲವಾ? 2023ರ ಐಫೋನ್ 15ರಲ್ಲಿ ಟೈಪ್-ಸಿ ಇದೆ, ಸ್ಪೀಡು ಮಾತ್ರ 2.0ದ್ದೇ. ಅದೇ ವರ್ಷದ 15 ಪ್ರೊದಲ್ಲಿ 10 ಜಿಬಿಪಿಎಸ್. ಹೊರಗಿಂದ ನೋಡಿದರೆ ಎರಡೂ ಪೋರ್ಟು ಒಂದೇ.

ಲೆಕ್ಕ ಹಾಕಿ, ಆಮೇಲೆ ಖರ್ಚು

ಡಬ್ಬಿ ಮೇಲಿನ ಜಿಬಿಪಿಎಸ್ ಅಂದರೆ ಗಿಗಾಬಿಟ್. ನಮ್ಮ ಫೈಲ್ ಲೆಕ್ಕ ಇರುವುದು ಬೈಟ್‌ನಲ್ಲಿ. ಎಂಟರಿಂದ ಭಾಗಿಸಬೇಕು, ಮೇಲೆ ಒಂದಿಷ್ಟು ಸ್ಪೀಡು ದಾರಿಯಲ್ಲೇ ಖರ್ಚಾಗುತ್ತದೆ, ಹಾಗಾಗಿ ಹತ್ತರಿಂದ ಭಾಗಿಸಿದರೆ ಸಾಕು. 5 ಜಿಬಿಪಿಎಸ್ ಅಂದರೆ ಸೆಕೆಂಡಿಗೆ ಗರಿಷ್ಠ 500 ಎಂಬಿ, ಕೈಗೆ ಸಿಗುವುದು 400ರಿಂದ 450.

ಮೇಲೆ ಹೇಳಿದ 250 ಜಿಬಿಯನ್ನೇ ತಗೊಳ್ಳಿ. ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ 35 ಎಂಬಿ ಸಿಕ್ಕಿತು ಅಂದರೆ ಸುಮಾರು ಎರಡು ಗಂಟೆ. ಅದೇ ಫೈಲುಗಳನ್ನು 3.0 ಪೋರ್ಟಿನಲ್ಲಿ ಮಾಮೂಲಿ ತಿರುಗುವ ಹಾರ್ಡ್ ಡಿಸ್ಕಿಗೆ ಹಾಕಿದರೆ 120 ಎಂಬಿ ಲೆಕ್ಕಕ್ಕೆ 35 ನಿಮಿಷ. ಎಸ್‌ಎಸ್‌ಡಿಗೆ, ಅಂದರೆ ಒಳಗೆ ತಿರುಗುವ ಭಾಗವೇ ಇಲ್ಲದ ಚಿಪ್ಪಿನ ಡಿಸ್ಕಿಗೆ, ಹಾಕಿದರೆ 400 ಎಂಬಿ ಲೆಕ್ಕಕ್ಕೆ ಹತ್ತೂವರೆ ನಿಮಿಷ. 10 ಜಿಬಿಪಿಎಸ್ ಪೋರ್ಟು, ಅದಕ್ಕೆ ತಕ್ಕ ಎಸ್‌ಎಸ್‌ಡಿ ಇದ್ದರೆ 900 ಎಂಬಿ ಲೆಕ್ಕಕ್ಕೆ ಐದು ನಿಮಿಷದೊಳಗೆ ಮುಗಿಯುತ್ತದೆ.

ಇಲ್ಲಿ ಗಮನಿಸಿ. ಎರಡು ಗಂಟೆಯಿಂದ ಹತ್ತು ನಿಮಿಷಕ್ಕೆ ಇಳಿಯುವುದು ನಿಮ್ಮ ಜೀವನ ಬದಲಿಸುತ್ತದೆ. ಹತ್ತರಿಂದ ಐದಕ್ಕೆ ಇಳಿಯುವುದು ಒಂದು ಚಹಾದ ಟೈಮು. 40 ಜಿಬಿಪಿಎಸ್‌ಗೆ ಹೋದರೆ ಇನ್ನೂ ಕಡಿಮೆ ಆಗುತ್ತದೆ ನಿಜ, ಆದರೆ ಆ ವ್ಯತ್ಯಾಸಕ್ಕೆ ಕೊಡುವ ದುಡ್ಡು ನೋಡಿದರೆ ಜಿಲ್ಲಾ ಮಟ್ಟದ ಸ್ಟುಡಿಯೋಗೆ ಅದು ಸದ್ಯಕ್ಕೆ ಬೇಕಿಲ್ಲ ಅಂತಲೇ ನನ್ನ ಅಭಿಪ್ರಾಯ. ಡಿಸ್ಕಿನಿಂದಲೇ ನೇರವಾಗಿ 4ಕೆ ಎಡಿಟಿಂಗ್ ಮಾಡುವವರ ಕಥೆ ಬೇರೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಕ್ಯಾಮೆರಾದ ಮಾಮೂಲಿ ಎಸ್‌ಡಿ ಕಾರ್ಡು ಯುಎಚ್‌ಎಸ್-ಒಂದು ಜಾತಿಯದ್ದು, ಅದರ ದಾರಿಯೇ ಸೆಕೆಂಡಿಗೆ 104 ಎಂಬಿ. ನೀವು ಥಂಡರ್‌ಬೋಲ್ಟ್ ತಂದರೂ ಆ ಕಾರ್ಡು 90ರ ಆಸುಪಾಸಿನಲ್ಲೇ ಓಡುತ್ತದೆ, ಅಂದರೆ 250 ಜಿಬಿಗೆ ಮುಕ್ಕಾಲು ಗಂಟೆ ಬೇಕೇ ಬೇಕು. ಹಿಂದುಗಡೆ ಪಿನ್ನುಗಳ ಎರಡು ಸಾಲು ಇರುವ ಯುಎಚ್‌ಎಸ್-ಎರಡು ಕಾರ್ಡು 312 ಎಂಬಿ ತನಕ ಹೋಗುತ್ತದೆ, ಆದರೆ ಅದಕ್ಕೆ ತಕ್ಕ ರೀಡರೂ ಬೇಕು. ಲ್ಯಾಪ್‌ಟಾಪಿನ ಒಳಗೇ ಇರುವ ಕಾರ್ಡ್ ಸ್ಲಾಟುಗಳು ಬಹಳ ಸಲ ಒಳಗಡೆ 2.0ಗೆ ಜೋಡಿಸಿರುತ್ತವೆ. ಹಾಗಾಗಿ ಸ್ಟುಡಿಯೋದವರು ಮೊದಲು ತರಬೇಕಾದದ್ದು ಒಳ್ಳೆಯ 3.0 ಕಾರ್ಡ್ ರೀಡರ್. ಲ್ಯಾಪ್‌ಟಾಪಿಗೆ ಹೋಲಿಸಿದರೆ ಅದು ತೀರಾ ಅಗ್ಗ. ಎರಡು ಕಾರ್ಡ್ ಇದ್ದರೆ ಎರಡು ರೀಡರ್ ತಂದು ಬೇರೆ ಬೇರೆ ಪೋರ್ಟಿಗೆ ಹಾಕಿ ಒಟ್ಟಿಗೇ ಕಾಪಿ ಬಿಡಿ, ಟೈಮು ಅರ್ಧ ಉಳಿಯುತ್ತದೆ.

ಕೇಬಲ್ ವಿಷಯದಲ್ಲಿ ಎಲ್ಲರೂ ಎಡವುವುದು

"ಅಣ್ಣಾ, ಟೈಪ್-ಸಿ ಅಂದ್ರ ಟೈಪ್-ಸಿ, ಎಲ್ಲಾ ಒಂದೇ" ಅಂತ ಅಂಗಡಿಯಲ್ಲಿ ಹೇಳುತ್ತಾರಲ್ಲ, ನಂಬಬೇಡಿ. ಫೋನಿನ ಜೊತೆ ಬರುವ ಸಿ-ಯಿಂದ-ಸಿ ಕೇಬಲ್ ಮುಖ್ಯವಾಗಿ ಚಾರ್ಜಿಂಗಿಗೆ ಮಾಡಿದ್ದು. ಅದರೊಳಗೆ ಕರೆಂಟಿನ ತಂತಿ ದಪ್ಪ ಇರುತ್ತದೆ, ಡೇಟಾಗೆ 2.0ದ ಎರಡು ತಂತಿ ಮಾತ್ರ ಇರುತ್ತದೆ. ಫಾಸ್ಟ್ ಡೇಟಾ ಹೋಗುವ ಜೋಡಿ ತಂತಿಗಳೇ ಅದರಲ್ಲಿ ಇರುವುದಿಲ್ಲ. ಕೇಬಲ್ಲಿನ ಮೇಲೆ 65 ವ್ಯಾಟ್, 100 ವ್ಯಾಟ್ ಅಂತ ಬರೆದಿದ್ದರೂ ಅದು ಚಾರ್ಜಿಂಗ್ ಮಾತು, ಡೇಟಾ ಸ್ಪೀಡಿನದಲ್ಲ. ಎರಡೂ ಬೇರೆ ಬೇರೆ.

ಅಂಗಡಿಗೆ ಹೋದಾಗ ಹೀಗೆ ಕೇಳಿ: "ಡೇಟಾ ಎಷ್ಟು ಜಿಬಿಪಿಎಸ್? ಡಬ್ಬಿ ಮೇಲೆ ಬರೆದದ್ದು ತೋರಿಸಿ." 10 ಅಂತ ಬರೆದಿದ್ದರೆ ತಗೊಳ್ಳಿ. ಏನೂ ಬರೆಯದೆ ಸುಮ್ನೆ ಫಾಸ್ಟ್ ಕೇಬಲ್ ಅಂತ ಇದ್ದರೆ ವಾಪಸ್ ಇಡಿ. ಡಿಸ್ಕ್ ತಗೊಂಡಾಗ ಡಬ್ಬಿಯಲ್ಲೇ ಬರುವ ಗಿಡ್ಡ ಕೇಬಲ್ಲನ್ನು ಅಸಡ್ಡೆ ಮಾಡಬೇಡಿ, ನಿಮ್ಮ ಮನೆಯಲ್ಲಿರುವ ಅತ್ಯುತ್ತಮ ಡೇಟಾ ಕೇಬಲ್ ಬಹುಶಃ ಅದೇ. ಗಿಡ್ಡ ಅಂತ ಬೈದುಕೊಂಡು ಎರಡು ಮೀಟರ್‌ದು ಹುಡುಕಬೇಡಿ. ಸ್ಪೀಡು ಏರಿದಂತೆ ಕೇಬಲ್ ಉದ್ದ ಇಳಿಯಲೇಬೇಕು. 10 ಜಿಬಿಪಿಎಸ್‌ಗೆ ಒಂದು ಮೀಟರ್ ಆಸುಪಾಸು ಒಳ್ಳೆಯದು, 40ಕ್ಕೆ ಮಾಮೂಲಿ ಕೇಬಲ್ 80 ಸೆಂಟಿಮೀಟರ್.

ಆ ಕೇಬಲ್ಲಿಗೆ ಒಂದು ಕೆಂಪು ಟೇಪು ಸುತ್ತಿ, ಯಾರಿಗೂ ಫೋನ್ ಚಾರ್ಜಿಂಗಿಗೆ ಕೊಡಬೇಡಿ. ಕೊಟ್ಟರೆ ಸಂಜೆಗೆ ಅದು ನಿಮ್ಮ ಕೈಗೆ ವಾಪಸ್ ಬರುವುದಿಲ್ಲ, ಇಲ್ಲಾ ಬೇರೆ ಯಾವುದೋ ಕೇಬಲ್ ಬರುತ್ತದೆ.

ಹಳೇ ಪೋರ್ಟಬಲ್ ಹಾರ್ಡ್ ಡಿಸ್ಕುಗಳ ಅಗಲದ, ಎರಡು ಭಾಗ ಅಂಟಿದಂತೆ ಕಾಣುವ ಕನೆಕ್ಟರ್ ಗೊತ್ತಲ್ವಾ? ಅದರಲ್ಲಿ ಬರೀ ದೊಡ್ಡ ಭಾಗಕ್ಕೆ ಹಳೇ ಫೋನಿನ ಮೈಕ್ರೋ ಯುಎಸ್‌ಬಿ ಪಿನ್ ಕೂತುಬಿಡುತ್ತದೆ, ಡಿಸ್ಕೂ ಓಡುತ್ತದೆ, ಆದರೆ 2.0 ಸ್ಪೀಡಿನಲ್ಲಿ. ಹಾಗೆ ಹಾಕಿಕೊಂಡು ವರ್ಷಗಟ್ಟಲೆ ಲ್ಯಾಪ್‌ಟಾಪನ್ನು ಬೈಯುವವರಿದ್ದಾರೆ. ಚೌಕದ ಪೋರ್ಟಿಗೆ ನೀಲಿ ಪಿನ್ ಹಾಕುವಾಗ ತೀರಾ ನಿಧಾನವಾಗಿ ತಳ್ಳಿದರೂ ಒಮ್ಮೊಮ್ಮೆ ಕಂಪ್ಯೂಟರ್ ಅದನ್ನು 2.0 ಅಂತಲೇ ಹಿಡಿಯುತ್ತದೆ, ಯಾಕೆಂದರೆ ಹಳೇ ಪಿನ್ನುಗಳದ್ದೂ ಹೊಸ ಪಿನ್ನುಗಳದ್ದೂ ಸಂಪರ್ಕ ಒಟ್ಟಿಗೇ ಆಗಿರುವುದಿಲ್ಲ. ತೆಗೆದು ಒಂದೇ ಸಲಕ್ಕೆ ಗಟ್ಟಿಯಾಗಿ ಹಾಕಿ.

ಡಿಸ್ಕು

ತಿರುಗುವ ಹಾರ್ಡ್ ಡಿಸ್ಕು ಇನ್ನೂ ಬೇಕು, ಆದರೆ ಕೆಲಸ ಮುಗಿದ ಮದುವೆಗಳನ್ನು ಕೂಡಿಡಲಿಕ್ಕೆ ಮಾತ್ರ. ದಿನನಿತ್ಯದ ಓಡಾಟಕ್ಕೆ ಎಸ್‌ಎಸ್‌ಡಿ. ಪೋರ್ಟು 5 ಜಿಬಿಪಿಎಸ್ ಇದ್ದರೆ ಸಾಟಾ ಅನ್ನುವ ಹಳೇ ನಮೂನೆಯ ಎಸ್‌ಎಸ್‌ಡಿ ಸಾಕು, ಹಳೇ ಲ್ಯಾಪ್‌ಟಾಪಿನಿಂದ ತೆಗೆದಿಟ್ಟದ್ದನ್ನೇ ಒಂದು ಕೇಸಿಗೆ ಹಾಕಿಕೊಳ್ಳಬಹುದು. ಕೇಸ್ ತಗೊಳ್ಳುವಾಗ ಯುಎಎಸ್‌ಪಿ ಇದೆಯಾ ಅಂತ ನೋಡಿ. ಅದಿದ್ದರೆ ಒಂದಾದ ಮೇಲೊಂದು ಕಾಯದೆ ಹಲವು ಕೆಲಸ ಒಟ್ಟಿಗೇ ನಡೆಯುತ್ತದೆ, ಸಣ್ಣ ಫೈಲುಗಳು ಸಾವಿರಾರು ಇರುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. 10 ಜಿಬಿಪಿಎಸ್ ಇದ್ದರೆ ಎನ್‌ವಿಎಂಇ ಅನ್ನುವ ಇನ್ನೂ ಫಾಸ್ಟ್ ನಮೂನೆಯ ಎಸ್‌ಎಸ್‌ಡಿ.

20 ಜಿಬಿಪಿಎಸ್ ಅಂತ ಬರೆದ ಎಸ್‌ಎಸ್‌ಡಿಗೆ ಜಾಸ್ತಿ ದುಡ್ಡು ಕೊಡುವ ಮುಂಚೆ ಎರಡು ಸಲ ಯೋಚಿಸಿ. ಅದು ಎರಡೆರಡು ಜೋಡಿಯಲ್ಲಿ ಓಡುವ 3.2ರ ಒಂದು ನಮೂನೆ. ಲ್ಯಾಪ್‌ಟಾಪುಗಳಲ್ಲಿ ಅದು ಅಪರೂಪ, ಮ್ಯಾಕ್‌ನಲ್ಲೂ ಹೆಚ್ಚಿನ ಥಂಡರ್‌ಬೋಲ್ಟ್ ಪೋರ್ಟುಗಳಲ್ಲೂ ಸುಮ್ನೆ 10ಕ್ಕೆ ಇಳಿದು ಓಡುತ್ತದೆ.

ಪೆನ್ ಡ್ರೈವ್ ಬಗ್ಗೆ ಒಂದೇ ಮಾತು. ಮೇಲೆ 3.0 ಅಂತ ಬರೆದಿದ್ದರೆ ಓದುವ ಸ್ಪೀಡಿನ ಮೆರವಣಿಗೆ ಅದು, ಬರೆಯುವಾಗ ಅಗ್ಗದವು ಸೆಕೆಂಡಿಗೆ 10–20 ಎಂಬಿಗೆ ಬಂದು ಕೂರುತ್ತವೆ. ಅಗ್ಗದ ಎಸ್‌ಎಸ್‌ಡಿಗಳಿಗೂ ಇದೇ ರೋಗ ಸ್ವಲ್ಪ ಇದೆ: ಮೊದಲಿನ ಕೆಲವು ಹತ್ತು ಜಿಬಿ ರಭಸವಾಗಿ ಹೋಗಿ, ಒಳಗಿನ ಕ್ಯಾಶ್ (ಡೇಟಾವನ್ನು ಮೊದಲು ಬೇಗ ಬರೆದಿಡುವ ಸಣ್ಣ ಜಾಗ) ತುಂಬಿದ ಮೇಲೆ ಸ್ಪೀಡು ಧಡಕ್ಕನೆ ಬೀಳುತ್ತದೆ. ಪರೀಕ್ಷೆ ಮಾಡುವಾಗ 1 ಜಿಬಿ ಫೈಲು ಹಾಕಿ ಖುಷಿಪಡಬೇಡಿ, 100 ಜಿಬಿ ಹಾಕಿ ನೋಡಿ.

ಫಾರ್ಮ್ಯಾಟ್ ಕೂಡ ನೋಡಿಕೊಳ್ಳಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದೇ ಇಲ್ಲ. ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡಾಡುವ ಡಿಸ್ಕಿಗೆ ಎಕ್ಸ್‌ಫ್ಯಾಟ್, ಬರೀ ವಿಂಡೋಸ್ ಇದ್ದರೆ ಎನ್‌ಟಿಎಫ್‌ಎಸ್.

ಹಳೇ ಲ್ಯಾಪ್‌ಟಾಪನ್ನೇ ಓಡಿಸಬೇಕಾ?

2012ಕ್ಕಿಂತ ಹಿಂದಿನದ್ದು, ಬರೀ 2.0 ಪೋರ್ಟು ಇದ್ದರೂ ಒಂದು ದಾರಿ ಇದೆ. ಪಕ್ಕದಲ್ಲಿ ಲ್ಯಾನ್ ಪೋರ್ಟು ಇದೆಯಲ್ಲ, ಅದು ಗಿಗಾಬಿಟ್ ಆಗಿದ್ದರೆ ಸೆಕೆಂಡಿಗೆ 110 ಎಂಬಿ ತನಕ ಕೊಡುತ್ತದೆ. ಯುಎಸ್‌ಬಿ 2.0ದ ಮೂರು ಪಟ್ಟು! ಹೊಸ ಲ್ಯಾಪ್‌ಟಾಪಿಗೂ ಹಳೇದಕ್ಕೂ ನಡುವೆ ಒಂದು ಲ್ಯಾನ್ ಕೇಬಲ್ ಹಾಕಿ, ಫೋಲ್ಡರ್ ಶೇರ್ ಮಾಡಿ ಎಳೆದುಕೊಳ್ಳಿ. ಗಿಗಾಬಿಟ್ ಹೌದಾ ಅಲ್ವಾ ಅಂತ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ನೋಡಿದರೆ ಗೊತ್ತಾಗುತ್ತದೆ, 1000 ಇರಬೇಕು, 100 ಇದ್ದರೆ ಈ ಉಪಾಯ ಬಿಡಿ. ಹೊಸ ತೆಳ್ಳನೆ ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಪೋರ್ಟೇ ಇರುವುದಿಲ್ಲ, ಅದಕ್ಕೆ ಯುಎಸ್‌ಬಿ 3.0ದಿಂದ ಲ್ಯಾನಿಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ.

ಕೆಲವು ಹಳೇ ಬಿಸಿನೆಸ್ ಲ್ಯಾಪ್‌ಟಾಪುಗಳಲ್ಲಿ ಎಕ್ಸ್‌ಪ್ರೆಸ್‌ಕಾರ್ಡ್ ಅಂತ ಒಂದು ಸೀಳು ಇರುತ್ತದೆ, ಅದರಲ್ಲಿ 3.0 ಕಾರ್ಡು ಕೂರಿಸಬಹುದು. ಪೂರ್ತಿ ಸ್ಪೀಡು ಸಿಗುವುದಿಲ್ಲ, ಆ ಸೀಳಿನ ದಾರಿಯೇ ಚಿಕ್ಕದು, ಆದರೂ 2.0ಗಿಂತ ಎಷ್ಟೋ ಮೇಲು. ಕಾರ್ಡು ಈಗ ಸಿಗುವುದೇ ಕಷ್ಟ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಬೇಕಾಗಬಹುದು. ಡೆಸ್ಕ್‌ಟಾಪ್ ಇರುವವರು ಪುಣ್ಯವಂತರು, ಡಬ್ಬದ ಒಳಗಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಒಂದು 3.0 ಕಾರ್ಡು ಹಾಕಿದರೆ ಮುಗಿಯಿತು.

ಹಬ್ ಹಾಕಿದರೆ ಸ್ಪೀಡು ಯಾಕೆ ಬೀಳುತ್ತದೆ

ತೆಳ್ಳನೆ ಲ್ಯಾಪ್‌ಟಾಪಿನಲ್ಲಿ ಇರುವುದು ಎರಡೇ ಪೋರ್ಟು, ಒಂದು ಪೋರ್ಟನ್ನು ಹಲವು ಮಾಡಿಕೊಡುವ ಹಬ್ ಇಲ್ಲದೆ ಗತಿ ಇಲ್ಲ. ಹಬ್ಬಿಗೆ ಎಷ್ಟು ಬಾಯಿ ಇದ್ದರೂ ಲ್ಯಾಪ್‌ಟಾಪಿಗೆ ಹೋಗುವ ದಾರಿ ಒಂದೇ. ಕಾರ್ಡ್ ರೀಡರನ್ನೂ ಎಸ್‌ಎಸ್‌ಡಿಯನ್ನೂ ಒಂದೇ ಹಬ್ಬಿಗೆ ಹಾಕಿದರೆ ಇಬ್ಬರೂ ಅದೇ 5 ಜಿಬಿಪಿಎಸ್ ಹಂಚಿಕೊಳ್ಳುತ್ತಾರೆ. ಎಸ್‌ಎಸ್‌ಡಿಯನ್ನು ನೇರ ಲ್ಯಾಪ್‌ಟಾಪಿಗೆ ಹಾಕಿ, ಮೌಸು, ಕೀಬೋರ್ಡು, ಪ್ರಿಂಟರ್ ಎಲ್ಲಾ ಹಬ್ಬಿಗೆ ಕಳಿಸಿ.

ಮಾನಿಟರ್ ಹಾಕುವವರು ಇದನ್ನು ಗಮನಿಸಿ. ಟೈಪ್-ಸಿ ಒಳಗೆ ಫಾಸ್ಟ್ ಹಾದಿಗಳು ಒಟ್ಟು ನಾಲ್ಕು. ಕೆಲವು ಹಬ್ಬುಗಳು 4ಕೆ ಚಿತ್ರವನ್ನು 60 ಹರ್ಟ್ಸ್‌ನಲ್ಲಿ ಕೊಡಲು ನಾಲ್ಕನ್ನೂ ಮಾನಿಟರಿಗೇ ಬಿಟ್ಟುಕೊಡುತ್ತವೆ, ಆಗ ಅದೇ ಹಬ್ಬಿನ ಯುಎಸ್‌ಬಿ ಬಾಯಿಗಳಿಗೆ ಉಳಿಯುವುದು 2.0 ಮಾತ್ರ. ಎಡಿಟಿಂಗ್ ಟೇಬಲ್ಲಿನಲ್ಲಿ ದೊಡ್ಡ ಮಾನಿಟರ್ ಹಾಕಿದ ದಿನದಿಂದ ಡಿಸ್ಕು ನಿಧಾನ ಆಯಿತು ಅಂತ ಯಾರಾದರೂ ಹೇಳಿದರೆ ಕಾರಣ ಇದೇ ಇರಬಹುದು. ಮಾನಿಟರನ್ನು ಲ್ಯಾಪ್‌ಟಾಪಿನ ಎಚ್‌ಡಿಎಂಐಗೆ ನೇರ ಹಾಕಿ ನೋಡಿ.

ವೈರ್‌ಲೆಸ್ ಮೌಸ್ ತಡವರಿಸುತ್ತಿದೆಯಾ? ಮೌಸಿನ ಪುಟ್ಟ ರಿಸೀವರ್ ಪಕ್ಕದಲ್ಲೇ 3.0 ಡಿಸ್ಕು ಚುಚ್ಚಿದ್ದೀರಿ. 3.0 ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ, 2012ರಲ್ಲಿ ಇಂಟೆಲ್ಲೇ ಅದನ್ನು ವಿವರಿಸಿ ಬರೆದಿತ್ತು. ರಿಸೀವರನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿದರೆ ಆಯಿತು.

ಹೊಸದು ತಗೊಳ್ಳುವುದೇ ಆದರೆ

ಪ್ರತಿ ಪೋರ್ಟನ್ನೂ ಬೆರಳಿಟ್ಟು ತೋರಿಸಿ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಡೇಟಾ ಎಷ್ಟು ಜಿಬಿಪಿಎಸ್? ಇದರಿಂದ ಚಾರ್ಜ್ ಆಗುತ್ತದಾ? ಇದರಿಂದ ಮಾನಿಟರಿಗೆ ಚಿತ್ರ ಹೋಗುತ್ತದಾ? ಅಗ್ಗದ ಮಾಡೆಲ್‌ಗಳಲ್ಲಿ ಟೈಪ್-ಸಿ ಇದ್ದರೂ ಮೂರರಲ್ಲಿ ಒಂದೇ ಕೆಲಸ ಮಾಡುವುದುಂಟು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಬೇಜಾರಾಗಬೇಡಿ, ಮಾಡೆಲ್ ನಂಬರ್ ಬರೆದುಕೊಂಡು ಮನೆಗೆ ಬಂದು ನೋಡಿ. ಆಫರ್ ಇವತ್ತೇ ಮುಗಿಯುತ್ತದೆ ಅಂತ ಅವಸರ ಮಾಡಿದರೂ ಪರವಾಗಿಲ್ಲ, ಮುಂದಿನ ಹಬ್ಬಕ್ಕೆ ಇನ್ನೊಂದು ಬರುತ್ತದೆ.

ಇಂಟೆಲ್ 11ನೇ ಪೀಳಿಗೆಯಿಂದ, ಅಂದರೆ 2020ರಿಂದ, ಲ್ಯಾಪ್‌ಟಾಪ್ ಪ್ರೊಸೆಸರ್ ಒಳಗೇ ಥಂಡರ್‌ಬೋಲ್ಟ್ 4 ಬಂತು. ಎಎಂಡಿ ಕಡೆ ರೈಜನ್ 6000 ಸರಣಿಯಿಂದ ಯುಎಸ್‌ಬಿ4 ಬಂತು. ಆದರೆ ಪ್ರೊಸೆಸರ್‌ನಲ್ಲಿ ಇದ್ದ ಮಾತ್ರಕ್ಕೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದೆ ಅಂತಲ್ಲ, ಖರ್ಚು ಉಳಿಸಲು ಕಂಪನಿ ಅದನ್ನು ಹೊರಗಿನ ಪೋರ್ಟಿಗೆ ತರದೇ ಬಿಟ್ಟಿರಬಹುದು. ಆಪಲ್‌ನ ಎಂ1 ಮ್ಯಾಕ್‌ಬುಕ್‌ನಿಂದ ಈಚೆಗೆ ಈ ತಲೆನೋವು ಕಡಿಮೆ.

ಕಾಯುವುದಾದರೆ ಒಂದು ಸಮಾಧಾನ ಇದೆ. ಯುರೋಪಿನಲ್ಲಿ 2026ರ ಏಪ್ರಿಲ್ 28ರಿಂದ ಹೊಸ ಲ್ಯಾಪ್‌ಟಾಪುಗಳಿಗೆ ಟೈಪ್-ಸಿ ಚಾರ್ಜಿಂಗ್ ಕಡ್ಡಾಯ ಮಾಡುವ ನಿಯಮ ಇದೆ. ಕಂಪನಿಗಳು ಒಂದೊಂದು ದೇಶಕ್ಕೆ ಒಂದೊಂದು ಮಾಡೆಲ್ ಮಾಡಲು ಹೋಗುವುದು ಕಡಿಮೆ, ಅಂಥ ಯಂತ್ರಗಳೇ ಇಲ್ಲಿಗೂ ಬರುತ್ತವೆ. ಆದರೆ ಆ ನಿಯಮ ಚಾರ್ಜಿಂಗಿನದ್ದು, ಡೇಟಾ ಸ್ಪೀಡಿನ ಪ್ರಶ್ನೆ ಆಗಲೂ ಕೇಳಲೇಬೇಕು.

ನನ್ನ ಲೆಕ್ಕದಲ್ಲಿ ಸ್ಟುಡಿಯೋಗೆ ಒಂದಾದರೂ 10 ಜಿಬಿಪಿಎಸ್ ಟೈಪ್-ಸಿ, ಎರಡು ಚೌಕದ 5 ಜಿಬಿಪಿಎಸ್ ಪೋರ್ಟು ಇದ್ದರೆ ಸಾಕು. ಉಳಿದ ದುಡ್ಡನ್ನು ರ‍್ಯಾಮಿಗೆ ಹಾಕಿ.

ನಮ್ಮ ಕಡೆಯ ಬಿಸಿಲು, ಧೂಳು, ಕರೆಂಟು

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ 40 ಡಿಗ್ರಿ ದಾಟುವುದು ಹೊಸದಲ್ಲ, ಮದುವೆಗಳೂ ಆಗಲೇ ಜಾಸ್ತಿ. ಎನ್‌ವಿಎಂಇ ಎಸ್‌ಎಸ್‌ಡಿ ಕೆಲಸ ಮಾಡುವಾಗ ತಾನೇ ಕಾಯುತ್ತದೆ, ಸುತ್ತಲಿನ ಗಾಳಿಯೂ ಕಾದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಸ್ಪೀಡನ್ನು ತಾನೇ ಇಳಿಸಿಕೊಳ್ಳುತ್ತದೆ. ಅಲ್ಯುಮಿನಿಯಂ ಕೇಸು ತಗೊಳ್ಳಿ, ಒಳಗೆ ಥರ್ಮಲ್ ಪ್ಯಾಡ್ ಚಿಪ್ಪಿಗೂ ಕೇಸಿಗೂ ತಾಗುವಂತೆ ಕೂತಿದೆಯಾ ನೋಡಿ. ಕೇಸು ಕೈಗೆ ಬಿಸಿ ತಾಗಿದರೆ ಹೆದರಬೇಡಿ, ಒಳಗಿನ ಬಿಸಿ ಹೊರಗೆ ಬರುತ್ತಿದೆ ಅಂತ ಅರ್ಥ. ಹಾಸಿಗೆ ಮೇಲೆ, ದಿಂಬಿನ ಪಕ್ಕ ಇಟ್ಟು ಕಾಪಿ ಬಿಡಬೇಡಿ. ಮಂಟಪದ ಹೊರಗೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಡಿಸ್ಕು ಇಡುವುದಂತೂ ಬೇಡವೇ ಬೇಡ.

ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಪೋರ್ಟಿನೊಳಗೆ ಸೇರಿದರೆ ಸುಲಭಕ್ಕೆ ಬಿಡುವುದಿಲ್ಲ. ಜೇಬಿನ ದಾರದ ನಾರೂ ಸೇರಿಕೊಂಡು ಟೈಪ್-ಸಿ ತಳದಲ್ಲಿ ಒತ್ತಿ ಕೂರುತ್ತದೆ, ಪಿನ್ನು ಪೂರ್ತಿ ಒಳಗೆ ಹೋಗುವುದಿಲ್ಲ, ಸ್ವಲ್ಪ ಅಲ್ಲಾಡಿದರೂ ಡಿಸ್ಕು ಬಿಟ್ಟುಹೋಗುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಮರದ ಹಲ್ಲುಕಡ್ಡಿಯಿಂದ ನಿಧಾನಕ್ಕೆ ಕೆದಕಿ, ಕ್ಯಾಮೆರಾಗೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಊದಿ. ಗುಂಡುಪಿನ್ನು, ಸೂಜಿ ಬೇಡ. ಬಾಯಿಂದ ಊದಬೇಡಿ, ಎಂಜಲು ಹೋಗುತ್ತದೆ.

ಕಾಪಿ ನಡುವೆ ಕರೆಂಟು ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅಡಾಪ್ಟರಿನಲ್ಲಿ ಓಡುವ ದೊಡ್ಡ ಡೆಸ್ಕ್‌ಟಾಪ್ ಡಿಸ್ಕಿಗೆ ಇಲ್ಲ. ಅದನ್ನು ಯುಪಿಎಸ್‌ಗೆ ಹಾಕಿ. ಸಣ್ಣ ಪೋರ್ಟಬಲ್ ಡಿಸ್ಕು ಟಕ್ ಟಕ್ ಅಂತ ಸದ್ದು ಮಾಡಿ ತೆರೆಯದಿದ್ದರೆ ಕೆಟ್ಟಿತು ಅಂತ ಎಸೆಯುವ ಮುಂಚೆ ಪೋರ್ಟು ಬದಲಿಸಿ. 2.0 ಪೋರ್ಟು ಕೊಡಬೇಕಾದದ್ದು 500 ಮಿಲಿಆಂಪ್, 3.0 ಕೊಡುವುದು 900. ಕರೆಂಟು ಸಾಲದೆಯೂ ಹಾಗೆ ಆಗುತ್ತದೆ. ಮತ್ತೆ, ಎರಡು ಕಡೆ ಕಾಪಿ ಆಗಿ, ಎರಡನ್ನೂ ತೆರೆದು ನೋಡುವ ತನಕ ಕಾರ್ಡು ಫಾರ್ಮ್ಯಾಟ್ ಮಾಡಬೇಡಿ. ತಾಳಿ ಕಟ್ಟುವ ದೃಶ್ಯವನ್ನು ಇನ್ನೊಮ್ಮೆ ಶೂಟ್ ಮಾಡಲು ಆಗುವುದಿಲ್ಲ.

ಫಾಸ್ಟ್ ಪೋರ್ಟು ಯಾರಿಗೆ ಬೇಡ

ಸೇವಾ ಕೇಂದ್ರದ ಬೆರಳಚ್ಚು ಯಂತ್ರ, ಬಿಲ್ಲಿಂಗ್ ಪ್ರಿಂಟರು, ಬಾರ್‌ಕೋಡ್ ಸ್ಕ್ಯಾನರು, ಸಾಫ್ಟ್‌ವೇರಿನ ಬೀಗದ ಕೈಯಂತೆ ಚುಚ್ಚುವ ಡಾಂಗಲ್ ಇವುಗಳಿಗೆ 2.0 ಸಾಕಾಗಿ ಮಿಗುತ್ತದೆ. ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಎಂಬ್ರಾಯ್ಡರಿ ಮಷಿನ್ನಿಗೆ ಡಿಸೈನ್ ಒಯ್ಯುವ ಪೆನ್ ಡ್ರೈವಿಗೂ ಅಷ್ಟೇ, ಅಲ್ಲಿ ಫೈಲೇ ಕೆಲವು ಕೆಬಿ. ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲಿನವರಿಗೆ ಸಿಸಿಟಿವಿ ಬ್ಯಾಕಪ್ ತೆಗೆಯಲು ಮಾತ್ರ 3.0 ಬೇಕಾಗಬಹುದು, ಅದೂ ಕ್ಯಾಮೆರಾ ರೆಕಾರ್ಡ್ ಮಾಡುವ ಡಿವಿಆರ್ ಡಬ್ಬಿಯಲ್ಲೇ 2.0 ಇದ್ದರೆ ಲ್ಯಾಪ್‌ಟಾಪ್ ಬದಲಿಸಿ ಪ್ರಯೋಜನ ಇಲ್ಲ.

ಮಿಲ್ಲಿನ ತೂಕದ ಕಾಟಾ ಇನ್ನೂ ಬೇರೆ ಕಥೆ. ಅದರ ಇಂಡಿಕೇಟರ್‌ನಿಂದ ಬರುವುದು ಸಾಮಾನ್ಯವಾಗಿ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್, ಹೊಸ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ. ಹಾಗಾಗಿ ಹಳೇ ಕಂಪ್ಯೂಟರ್ ಓಡುತ್ತಿರುವ ತನಕ ಅದನ್ನು ಕಾಟಾ ಹತ್ತಿರವೇ ಬಿಡಿ. ಬದಲಿಸಲೇಬೇಕಾದರೆ ಯುಎಸ್‌ಬಿಯಿಂದ ಸೀರಿಯಲ್ಲಿಗೆ ಹೋಗುವ ಕನ್ವರ್ಟರ್ ಹಾಕಿ, ಡಿವೈಸ್ ಮ್ಯಾನೇಜರ್‌ನಲ್ಲಿ ಅದಕ್ಕೆ ಯಾವ ಕಾಮ್ ಪೋರ್ಟ್ ನಂಬರ್ ಬಂತು ನೋಡಿ, ಅದೇ ನಂಬರನ್ನು ಕಾಟಾ ಸಾಫ್ಟ್‌ವೇರ್‌ನಲ್ಲಿ ಕೊಡಿ. ಕನ್ವರ್ಟರನ್ನು ಬೇರೆ ಪೋರ್ಟಿಗೆ ಹಾಕಿದರೆ ಆ ನಂಬರ್ ಬದಲಾಗಬಹುದು, ಲಾರಿ ಕಾಟಾ ಮೇಲೆ ನಿಂತಿರುವಾಗ ತೂಕ ಬರುವುದು ನಿಂತುಹೋಗುತ್ತದೆ. ಅದಕ್ಕೆ ಆ ಪೋರ್ಟಿನ ಪಕ್ಕ ಒಂದು ಚೀಟಿ ಅಂಟಿಸಿ, ಕಾಟಾ ಅಂತ ದೊಡ್ಡದಾಗಿ ಬರೆದಿಡಿ, ಫೋನ್ ಚಾರ್ಜಿಂಗಿಗೆ ಯಾರೂ ಅದನ್ನು ಕೀಳಬಾರದು ಅಂತ ಹಮಾಲರಿಗೂ ಗುಮಾಸ್ತರಿಗೂ ಹೇಳಿಬಿಡಿ.